ಮಾತೃಕೆಯೂ ಬಿಡುಗಡೆಯ ಪ್ರತಿಯೂ: ಮುಕ್ತ ತಂತ್ರಾಂಶದ ಪಾಠಪರಂಪರೆಯನ್ನು ಕುರಿತು ಒಂದು ವಿಮರ್ಶೆ

೧

ಗ್ರಂಥಸಂಪಾದನೆಯಲ್ಲಿ ತೊಡಗಿರುವವರಿಗೆ ಒಂದು ಸಂಗತಿ ಅನುಭವವೇದ್ಯವಾಗಿದೆ. ಕವಿಯು ರಚಿಸಿದ ಕೃತಿ ಬೇರೆ, ನಮ್ಮ ಕೈಗೆ ಬಂದಿರುವ ಪ್ರತಿ ಬೇರೆ. ಇವೆರಡರ ನಡುವೆ ಎಷ್ಟೋ ಕೈಗಳು ಹಾದುಹೋಗಿರುತ್ತವೆ. ಆ ಕೈಗಳಲ್ಲಿ ಶ್ರದ್ಧೆಯುಳ್ಳವೂ ಇವೆ, ಆಯಾಸಗೊಂಡವೂ ಇವೆ, ಅಪರೂಪಕ್ಕೊಮ್ಮೆ ಬೇಕೆಂದೇ ಪಾಠವನ್ನು ಕೆಡಿಸಿದವೂ ಇವೆ. ಆದುದರಿಂದಲೇ ಪ್ರತಿಗಳನ್ನು ತಾಳೆ ನೋಡದೆ ಯಾವ ಪಾಠವನ್ನೂ ಒಪ್ಪಬಾರದೆಂಬುದು ನಮ್ಮ ಶಾಸ್ತ್ರದ ಮೊದಲ ನಿಯಮವಾಗಿದೆ. ಈ ನಿಯಮವು ಓಲೆಗರಿಗೆ ಮಾತ್ರ ಸಲ್ಲುವುದೆಂದು ನಾನು ಬಹುಕಾಲ ಭಾವಿಸಿದ್ದೆನು. ಗಣಕಯಂತ್ರದ ಬರೆಹಕ್ಕೂ ಅದು ಅಷ್ಟೇ ಸಲ್ಲುತ್ತದೆಂಬುದನ್ನು ಒಂದು ನಿದರ್ಶನದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಸ್ತಪ್ರತಿಗಳ ಸೂಚಿ, ಛಾಯಾಪ್ರತಿ, ಮುದ್ರಣ ಈ ಮೂರು ಕೆಲಸಗಳಲ್ಲಿಯೂ ನಾವು ಇಂದು ಗಣಕಯಂತ್ರವನ್ನು ಅವಲಂಬಿಸಿದ್ದೇವೆ. ಕನ್ನಡದ ಒಂದು ಒತ್ತಕ್ಷರವು ತೆರೆಯ ಮೇಲೆ ತನ್ನ ಸ್ಥಾನದಲ್ಲಿ ಸರಿಯಾಗಿ ಮೂಡಬೇಕಾದರೆ, ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಮುಂತಾದವುಗಳಲ್ಲಿ ಹಾರ್ಫ್‌ಬಝ್ ಎಂಬ ತಂತ್ರಾಂಶ ಲೈಬ್ರರಿಯು ಒಳಗೆ ಕುಳಿತು ಆ ಕೆಲಸವನ್ನು ನಿರ್ವಹಿಸುತ್ತದೆ. ಲೈಬ್ರರಿಯೆಂದರೆ ಇಲ್ಲಿ ಪುಸ್ತಕಭಂಡಾರವಲ್ಲ. ಒಂದು ನಿರ್ದಿಷ್ಟ ಕಾರ್ಯವನ್ನು ಮಾಡಿಕೊಡುವ ವಿಧಿವಾಕ್ಯಗಳ ಸಂಕಲನಕ್ಕೆ ಆ ಹೆಸರು. ವ್ಯಾಖ್ಯಾನಕಾರರು ತಮ್ಮ ತಮ್ಮ ಟೀಕೆಗಳಿಗೆ ಒಂದೇ ನಿಘಂಟಿನಿಂದ ಅರ್ಥವನ್ನು ಎತ್ತಿಕೊಳ್ಳುವಂತೆ, ಬೇರೆ ಬೇರೆ ತಂತ್ರಾಂಶಗಳು ಒಂದೇ ಲೈಬ್ರರಿಯಿಂದ ಕೆಲಸವನ್ನು ಎತ್ತಿಕೊಳ್ಳುತ್ತವೆ. ನಿಘಂಟಿನಲ್ಲಿ ಒಂದು ತಪ್ಪಿದ್ದರೆ ಅದನ್ನು ನೆಚ್ಚಿದ ಟೀಕೆಗಳಲ್ಲೆಲ್ಲ ಆ ತಪ್ಪು ಕಾಣಿಸಿಕೊಳ್ಳುತ್ತದೆ.

ಇಂತಹ ಲೈಬ್ರರಿಗಳಲ್ಲಿ ಅನೇಕವು ಓಪನ್ ಸೋರ್ಸ್, ಅರ್ಥಾತ್ ಮೂಲವನ್ನು ಎಲ್ಲರಿಗೂ ತೆರೆದಿಟ್ಟ ಮುಕ್ತ ತಂತ್ರಾಂಶಗಳು. ನಮ್ಮ ಸಂಸ್ಥೆಗಳಲ್ಲಿ ಗಣಕದ ಕೆಲಸವನ್ನು ನೋಡಿಕೊಳ್ಳುವ ತರುಣ ಮಿತ್ರರು ಇವುಗಳನ್ನು ಬಳಸುವಾಗ ಒಂದು ಸಮಾಧಾನವನ್ನು ಹೇಳುವುದುಂಟು: ಮೂಲವು ಯಾರು ಬೇಕಾದರೂ ಓದುವಂತೆ ತೆರೆದಿದೆ, ಆದುದರಿಂದ ಇದರಲ್ಲಿ ದೋಷವಾಗಲಿ ವಂಚನೆಯಾಗಲಿ ಬಹುಕಾಲ ಅಡಗಿರಲಾರದು ಎಂದು. ಈ ಮಾತಿಗೆ ಆಧಾರವೂ ಇದೆ. ಅಮೆರಿಕದ ಎರಿಕ್ ರೇಮಂಡ್ ಎಂಬವರು ೧೯೯೭ರ ತಮ್ಮ ಪ್ರಬಂಧವೊಂದರಲ್ಲಿ, ನೋಡುವ ಕಣ್ಣುಗಳು ಸಾಕಷ್ಟಿದ್ದರೆ ಯಾವ ದೋಷವೂ ಆಳದಲ್ಲಿ ಉಳಿಯದೆಂಬ ಅಭಿಪ್ರಾಯವನ್ನು ಮಂಡಿಸಿದರು. ಆ ಮಾತು ಈ ಕ್ಷೇತ್ರದಲ್ಲಿ ಸೂತ್ರಪ್ರಾಯವಾಗಿ ಪ್ರಚಾರಗೊಂಡಿದೆ. ಸೂತ್ರವೆಂದ ಮೇಲೆ ಅದನ್ನು ಪರೀಕ್ಷಿಸಬೇಕು. ೨೦೨೪ರಲ್ಲಿ ಎಕ್ಸ್‌ಝೆಡ್ ಯುಟಿಲ್ಸ್ ಎಂಬ ಲೈಬ್ರರಿಯಲ್ಲಿ ಬಯಲಾದ ಪ್ರಕ್ಷೇಪವು ಅಂತಹ ಪರೀಕ್ಷೆಗೆ ಒದಗಿ ಬಂದಿರುವ ಒಳ್ಳೆಯ ಸಾಮಗ್ರಿ.

೨

ವಿಷಯವನ್ನು ಪ್ರವೇಶಿಸುವ ಮೊದಲು ಇಂತಹ ಲೈಬ್ರರಿಯ ಪಾಠವು ಹೇಗೆ ಸಿದ್ಧವಾಗುತ್ತದೆಂಬುದನ್ನು ತಿಳಿಯಬೇಕು. ಒಬ್ಬರು ಮೊದಲು ಅದನ್ನು ಬರೆದು ಸಾರ್ವಜನಿಕವಾಗಿ ಇಡುತ್ತಾರೆ. ಜೊತೆಗೆ ಲೈಸೆನ್ಸ್ ಎಂಬ ಅನುಮತಿಪತ್ರವಿರುತ್ತದೆ. ಯಾರು ಬೇಕಾದರೂ ಇದನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು, ಆದರೆ ದೋಷಕ್ಕೆ ಕರ್ತೃವು ಹೊಣೆಯಲ್ಲ ಎಂಬುದು ಇಂತಹ ಪತ್ರಗಳ ಸಾಮಾನ್ಯ ತಾತ್ಪರ್ಯ. ತಪ್ಪಿದ್ದರೆ ಬಲ್ಲವರು ತಿದ್ದಿ ಓದಬೇಕೆಂದು ಓಲೆಯ ಕೊನೆಯಲ್ಲಿ ಕೈಮುಗಿಯುವ ಲಿಪಿಕಾರನ ನೆನಪು ಇಲ್ಲಿ ನಮಗೆ ಬಾರದಿರದು.

ಬೇರೊಬ್ಬರು ಒಂದು ದೋಷವನ್ನು ಕಂಡಾಗ ತಿದ್ದುಪಡಿಯನ್ನು ಬರೆದು ಕಳುಹಿಸುತ್ತಾರೆ. ಅದಕ್ಕೆ ಪ್ಯಾಚ್ ಎಂದು ಹೆಸರು. ಅದನ್ನು ಓದಿ ಒಪ್ಪುವ ಅಥವಾ ತಳ್ಳುವ ಅಧಿಕಾರವುಳ್ಳವನನ್ನು ಮೇಂಟೇನರ್ ಎನ್ನುತ್ತಾರೆ. ಈ ಲೇಖನದಲ್ಲಿ ಅವನನ್ನು ಪಾಲಕನೆಂದು ಕರೆಯಲಾಗಿದೆ. ಒಪ್ಪಿದ ತಿದ್ದುಪಡಿಗಳೆಲ್ಲ ಗಿಟ್ ಎಂಬ ವ್ಯವಸ್ಥೆಯಲ್ಲಿ ದಾಖಲಾಗುತ್ತವೆ. ಗಿಟ್ ೨೦೦೫ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರು ರಚಿಸಿದ ಸಾಧನ. ಅದರಲ್ಲಿ ಪ್ರತಿಯೊಂದು ತಿದ್ದುಪಡಿಗೂ ಅದರ ಒಳಗಿನ ಬರೆಹದಿಂದಲೇ ಗಣಿತದ ಮೂಲಕ ಪಡೆದ ಒಂದು ಗುರುತು ಇರುತ್ತದೆ, ಮತ್ತು ಆ ಗುರುತು ಹಿಂದಿನ ತಿದ್ದುಪಡಿಯ ಗುರುತನ್ನೂ ಒಳಗೊಂಡಿರುತ್ತದೆ. ಹಿಂದಿನ ಒಂದಕ್ಷರವನ್ನು ಬದಲಿಸಿದರೂ ಮುಂದಿನ ಗುರುತುಗಳೆಲ್ಲ ಬದಲಾಗುತ್ತವೆ. ನಾವು ವರ್ಷಗಟ್ಟಲೆ ಶ್ರಮಿಸಿ ಊಹೆಯಿಂದ ಕಟ್ಟುವ ಪ್ರತಿವಂಶವೃಕ್ಷವು ಇಲ್ಲಿ ತಾನಾಗಿ ದಾಖಲಾಗುತ್ತಾ ಹೋಗುತ್ತದೆ. ಸಂಪಾದಕನಾದವನು ಇದನ್ನು ಕಂಡು ಅಸೂಯೆಪಟ್ಟರೆ ಆಶ್ಚರ್ಯವಿಲ್ಲ.

ಆದರೆ ಬಳಸುವವರು ಸಾಮಾನ್ಯವಾಗಿ ಈ ದಾಖಲೆಯಿಂದ ನೇರವಾಗಿ ಎತ್ತಿಕೊಳ್ಳುವುದಿಲ್ಲ. ಪಾಲಕನು ಆಗಾಗ ಒಂದು ಹಂತದಲ್ಲಿ ಪಾಠವನ್ನು ನಿಲ್ಲಿಸಿ, ಅದಕ್ಕೆ ಒಂದು ಸಂಖ್ಯೆಯನ್ನು ಕೊಟ್ಟು, ಕಟ್ಟಿದ ಗಂಟಿನಂತೆ ಮಾಡಿ, ತನ್ನ ಗಣಕಮುದ್ರೆಯನ್ನು ಒತ್ತಿ ಹೊರಗೆ ಬಿಡುತ್ತಾನೆ. ಇದು ರಿಲೀಸ್ ಅಥವಾ ಬಿಡುಗಡೆ. ಆ ಗಂಟಿಗೆ ಟಾರ್‌ಬಾಲ್ ಎಂದು ಹೆಸರು. ಡೆಬಿಯನ್, ಫೆಡೋರಾ ಮುಂತಾದ ಹಂಚಿಕೆಯ ಬಳಗಗಳು ಬಹುಮಟ್ಟಿಗೆ ಆ ಗಂಟನ್ನೇ ಪಡೆದು, ತಮ್ಮ ಪದ್ಧತಿಗೆ ಹೊಂದಿಸಿ, ಲೋಕಕ್ಕೆ ಕೊಡುತ್ತವೆ. ಹೀಗೆ ಇಲ್ಲಿಯೂ ಎರಡು ವಸ್ತುಗಳಿವೆ. ಎಲ್ಲರೂ ಓದಬಹುದಾದ ದಾಖಲೆ ಒಂದು, ಎಲ್ಲರೂ ಬಳಸುವ ಬಿಡುಗಡೆಯ ಗಂಟು ಇನ್ನೊಂದು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಮಾತೃಕೆ, ಎರಡನೆಯದು ಪ್ರತಿ. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿ. ಮುಂದಿನ ವಿವೇಚನೆಯೆಲ್ಲ ಇದನ್ನೇ ಆಶ್ರಯಿಸಿದೆ.

೩

ಎಕ್ಸ್‌ಝೆಡ್ ಯುಟಿಲ್ಸ್ ಎಂಬುದು ಗಣಕದ ಕಡತಗಳನ್ನು ಸಂಕ್ಷೇಪಗೊಳಿಸುವ ಸಾಧನ. ಇದರ ಜೀವಾಳವಾದ ಲೈಬ್ರರಿಗೆ ಲಿಬ್‌ಎಲ್‌ಝೆಡ್‌ಎಂಎ ಎಂದು ಹೆಸರು. ಫಿನ್ಲೆಂಡಿನ ಲಾಸ್ಸೆ ಕೋಲಿನ್ ಅವರು ಇದರ ಮುಖ್ಯ ಕರ್ತೃ ಮತ್ತು ಪಾಲಕರು. ಇದರ ೫.೦.೦ ಸಂಖ್ಯೆಯ ಬಿಡುಗಡೆಯು ೨೦೧೦ರಲ್ಲಿ ಆಯಿತು. ಲಿನಕ್ಸ್ ಕರ್ನೆಲ್ಲಿನ ಮೂಲವು ಹಂಚಿಕೆಯಾಗುವುದು ಈ ಸಂಕ್ಷಿಪ್ತ ರೂಪದಲ್ಲಿಯೇ ಎಂದರೆ ಇದರ ವ್ಯಾಪ್ತಿಯನ್ನು ಊಹಿಸಬಹುದು. ಇಷ್ಟು ವ್ಯಾಪಕವಾದ ಕೃತಿಯನ್ನು ಅನೇಕ ವರ್ಷಗಳ ಕಾಲ ನೋಡಿಕೊಂಡವರು ಪ್ರಧಾನವಾಗಿ ಒಬ್ಬರೇ ವ್ಯಕ್ತಿ, ಅದೂ ವೇತನವಿಲ್ಲದೆ.

೨೦೨೧ರಲ್ಲಿ ಜಿಯಾ ಟಾನ್ ಎಂಬ ಹೆಸರಿನಿಂದ ಇದಕ್ಕೆ ತಿದ್ದುಪಡಿಗಳು ಬರತೊಡಗಿದವು. ಅವು ಸಣ್ಣವು, ನಿರುಪದ್ರವಿಯಾದವು, ಉಪಯುಕ್ತವಾದವೂ ಆಗಿದ್ದವು. ೨೦೨೨ರಲ್ಲಿ ಬೇರೆ ಕೆಲವು ಹೆಸರುಗಳಿಂದ ಪಾಲಕರ ಮೇಲೆ ಒತ್ತಡ ಆರಂಭವಾಯಿತು. ತಿದ್ದುಪಡಿಗಳನ್ನು ಒಪ್ಪುವುದರಲ್ಲಿ ವಿಳಂಬವೇಕೆ, ಆಸಕ್ತಿಯಿಲ್ಲದಿದ್ದರೆ ಹೊಸಬರಿಗೆ ಅಧಿಕಾರವನ್ನು ಬಿಟ್ಟುಕೊಡಬಾರದೇಕೆ ಎಂಬುದು ಆ ಪತ್ರಗಳ ಧ್ವನಿ. ಇದು ವೇತನವಿಲ್ಲದ ಹವ್ಯಾಸದ ಕೆಲಸವೆಂಬುದನ್ನು ನೆನಪಿಡಬೇಕೆಂದು ಕೋಲಿನ್ ಅವರು ಅದೇ ವರ್ಷದ ಜೂನ್ ತಿಂಗಳಿನಲ್ಲಿ ಉತ್ತರಿಸಿದರು. ಜಿಯಾ ಟಾನ್ ಮುಂದೆ ಹೆಚ್ಚಿನ ಹೊಣೆಯನ್ನು ವಹಿಸಬಹುದೆಂಬ ಸೂಚನೆಯೂ ಆ ಉತ್ತರದಲ್ಲಿತ್ತು. ಕ್ರಮೇಣ ಆ ಹೆಸರಿಗೆ ಸಹಪಾಲಕನ ಅಧಿಕಾರವು ದೊರೆಯಿತು. ೨೦೨೩ರಲ್ಲಿ ಬಿಡುಗಡೆಯ ಗಂಟುಗಳನ್ನು ಕಟ್ಟಿ ಮುದ್ರೆಯೊತ್ತುವ ಕೆಲಸವೂ ಆ ಕೈಗೆ ಬಂದಿತು.

೨೦೨೪ರ ಫೆಬ್ರವರಿ ೨೪ರಂದು ೫.೬.೦, ಮಾರ್ಚ್ ೯ರಂದು ೫.೬.೧ ಬಿಡುಗಡೆಯಾದವು. ಇವೆರಡರಲ್ಲಿಯೂ ಒಂದು ಪ್ರಕ್ಷೇಪವಿತ್ತು. ದೂರದಿಂದ ಗಣಕವನ್ನು ಪ್ರವೇಶಿಸಲು ಬಳಸುವ ಓಪನ್‌ಎಸ್‌ಎಸ್‌ಎಚ್ ಎಂಬ ದ್ವಾರಪಾಲಕ ತಂತ್ರಾಂಶವನ್ನು ಒಳಗಿನಿಂದಲೇ ವಶಪಡಿಸಿಕೊಂಡು, ಒಂದು ಗುಪ್ತ ಕೀಲಿಯುಳ್ಳವನಿಗೆ ಮಾತ್ರ ತಾನು ಹೇಳಿದ ಆಜ್ಞೆಯನ್ನು ಆ ಯಂತ್ರದಲ್ಲಿ ನಡೆಸಲು ದಾರಿಮಾಡಿಕೊಡುವುದು ಅದರ ಪ್ರಯೋಜನ. ಓಪನ್‌ಎಸ್‌ಎಸ್‌ಎಚ್ ತನ್ನ ಮೂಲರೂಪದಲ್ಲಿ ಈ ಲೈಬ್ರರಿಯನ್ನು ಬಳಸುವುದೇ ಇಲ್ಲವೆಂಬುದನ್ನು ಗಮನಿಸಬೇಕು. ಡೆಬಿಯನ್ ಮೊದಲಾದ ಹಂಚಿಕೆಗಳು ಅದಕ್ಕೆ ತಮ್ಮದೊಂದು ತಿದ್ದುಪಡಿಯನ್ನು ಸೇರಿಸಿ ಸಿಸ್ಟಂಡಿ ಎಂಬ ಇನ್ನೊಂದು ಲೈಬ್ರರಿಯನ್ನು ಜೋಡಿಸಿದ್ದವು. ಆ ಲೈಬ್ರರಿಯು ಲಿಬ್‌ಎಲ್‌ಝೆಡ್‌ಎಂಎಯನ್ನು ತನ್ನೊಡನೆ ಎಳೆದು ತರುತ್ತಿತ್ತು. ಒಂದು ಕೃತಿಯ ಪ್ರಕ್ಷೇಪವು ಇನ್ನೊಂದು ಕೃತಿಯ ಮೂಲಕ ಮೂರನೆಯ ಕೃತಿಯನ್ನು ಮುಟ್ಟಿದ ಬಗೆ ಇದು.

೪

ಪ್ರಕ್ಷೇಪವನ್ನು ಅಡಗಿಸಿದ ಕ್ರಮವನ್ನು ಪಾಠವಿಮರ್ಶಕರು ಗಮನವಿಟ್ಟು ನೋಡಬೇಕು. ಮೂರು ಕಡೆ ಮೂರು ಉಪಾಯಗಳು ಕಾಣುತ್ತವೆ.

ಮೊದಲನೆಯದು, ಕೆಟ್ಟ ಗರಿಯ ಉಪಾಯ. ಸಂಕ್ಷೇಪದ ಲೈಬ್ರರಿಯನ್ನು ಪರೀಕ್ಷಿಸುವುದಕ್ಕಾಗಿ ಬೇಕೆಂದೇ ಕೆಡಿಸಿದ ಕೆಲವು ಮಾದರಿ ಕಡತಗಳನ್ನು ಅದರೊಡನೆ ಇಟ್ಟಿರುತ್ತಾರೆ. ಕೆಟ್ಟ ಕಡತವನ್ನು ಕೊಟ್ಟಾಗ ಲೈಬ್ರರಿಯು ಅದನ್ನು ಕೆಟ್ಟದ್ದೆಂದು ಗುರುತಿಸುವುದೋ ಇಲ್ಲವೋ ಎಂಬುದು ಆ ಪರೀಕ್ಷೆ. ಇವು ಮನುಷ್ಯರು ಓದುವ ಬರೆಹವಲ್ಲ. ಪ್ರಕ್ಷೇಪದ ಶರೀರವನ್ನು ಇಂತಹ ಎರಡು ಪರೀಕ್ಷಾ ಕಡತಗಳಲ್ಲಿ ಹುದುಗಿಸಲಾಗಿತ್ತು. ಅವು ಮಾತೃಕೆಯಲ್ಲಿಯೇ, ಎಲ್ಲರ ಕಣ್ಣೆದುರಿಗೇ ಇದ್ದವು. ಹುಳು ತಿಂದ ಗರಿಯೆಂದು ಸೂಚಿಯಲ್ಲಿ ಬರೆದ ಮೇಲೆ ಅದನ್ನು ಮತ್ತೆ ಬಿಚ್ಚಿ ಓದುವವರು ಎಷ್ಟು ಜನ?

ಎರಡನೆಯದು, ಪ್ರತಿಯಲ್ಲಿ ಮಾತ್ರ ಇದ್ದ ಸಾಲುಗಳು. ಮೇಲ್ಕಂಡ ಕಡತಗಳು ತಾವಾಗಿ ಏನನ್ನೂ ಮಾಡಲಾರವು. ಅವುಗಳಿಂದ ಪ್ರಕ್ಷೇಪವನ್ನು ಹೊರತೆಗೆದು, ಲೈಬ್ರರಿಯನ್ನು ಕಟ್ಟುವ ವೇಳೆಯಲ್ಲಿ ಅದರೊಳಗೆ ಸೇರಿಸುವ ಆಜ್ಞೆ ಬೇಕು. ಆ ಆಜ್ಞೆಯು ಬಿಲ್ಡ್-ಟು-ಹೋಸ್ಟ್ ಎಂಬ ಒಂದು ಸಹಾಯಕ ಕಡತದಲ್ಲಿತ್ತು. ಆ ಕಡತವು ಬಿಡುಗಡೆಯ ಗಂಟಿನಲ್ಲಿ ಇತ್ತು, ಗಿಟ್‌ನ ಮಾತೃಕೆಯಲ್ಲಿ ಇರಲಿಲ್ಲ. ಮಾತೃಕೆಯನ್ನು ಎಷ್ಟೇ ಶ್ರದ್ಧೆಯಿಂದ ಓದಿದವರಿಗೂ ಈ ಆಜ್ಞೆಯು ಕಾಣುವ ಸಂಭವವಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಗಂಟನ್ನು ಬಿಚ್ಚಿ ಮಾತೃಕೆಯೊಡನೆ ತಾಳೆ ನೋಡಿದವರಿಗೆ ಮಾತ್ರ ಕಾಣುತ್ತಿತ್ತು.

ಹಾಗಾದರೆ ತಾಳೆ ನೋಡಿದೊಡನೆ ಸಿಕ್ಕಿಬೀಳಬೇಕಾಗಿತ್ತಲ್ಲ ಎಂದು ಕೇಳಬಹುದು. ಇಲ್ಲಿಯೇ ಪ್ರಕ್ಷೇಪಕಾರನ ಚಾತುರ್ಯವಿದೆ. ಇಂತಹ ಲೈಬ್ರರಿಗಳ ಗಂಟಿನಲ್ಲಿ ಮಾತೃಕೆಯಲ್ಲಿಲ್ಲದ ಅನೇಕ ಕಡತಗಳಿರುವುದು ಹಿಂದಿನಿಂದ ಬಂದ ವಾಡಿಕೆ. ಆಟೋಟೂಲ್ಸ್ ಎಂಬ ಸಾಧನವು ಕಟ್ಟುವ ಕೆಲಸಕ್ಕೆ ಬೇಕಾದ ಕಡತಗಳನ್ನು ತಾನೇ ಉತ್ಪಾದಿಸಿ ಗಂಟಿನಲ್ಲಿ ಸೇರಿಸುತ್ತದೆ. ಅವು ಸಾವಿರಾರು ಸಾಲುಗಳಷ್ಟಿರುವುದೂ ಉಂಟು. ಆದುದರಿಂದ ಮಾತೃಕೆಗೂ ಪ್ರತಿಗೂ ಭೇದವಿದೆಯೆಂಬುದು ಯಾರಿಗೂ ಸಂದೇಹಕ್ಕೆ ಎಡೆಗೊಡುವ ವಿಷಯವಾಗಿರಲಿಲ್ಲ. ವಾಡಿಕೆಯ ನೂರು ಭೇದಗಳ ನಡುವೆ ವಂಚನೆಯ ಒಂದು ಭೇದವು ಸೇರಿಕೊಂಡಿತು.

ಈ ಅಂಶವು ನನ್ನನ್ನು ನಾಚಿಸಿದೆಯೆಂದು ಹೇಳಿದರೆ ಅತಿಶಯೋಕ್ತಿಯಲ್ಲ. ಹಿಂದೆ ನಾನು ಒಂದು ಟೀಕಾಗ್ರಂಥವನ್ನು ಸಿದ್ಧಪಡಿಸುವಾಗ, ಓಲೆಯಿಂದ ಮಾಡಿದ ಕಾಗದದ ಪ್ರತಿಯೊಂದನ್ನು ಆಧಾರವಾಗಿಟ್ಟುಕೊಂಡಿದ್ದೆನು. ಶಕಟರೇಫವು ಸಾಮಾನ್ಯ ರಕಾರವಾಗಿರುವುದು, ರೞವು ಳಕಾರವಾಗಿರುವುದು, ದ್ವಿತ್ವವು ಬಂದು ಹೋಗುವುದು ಇವೆಲ್ಲ ಲಿಪಿಕಾರನ ವಾಡಿಕೆಯೆಂದು ಕಣ್ಣು ಓಡಿಸಿ ಮುಂದೆ ಸಾಗುತ್ತಿದ್ದೆನು. ಆ ಓಟದಲ್ಲಿ, ಓಲೆಯಲ್ಲಿಲ್ಲದ ಒಂದು ಪೂರ್ಣವಾಕ್ಯವು ಕಾಗದದ ಪ್ರತಿಯಲ್ಲಿ ಸೇರಿರುವುದು ನನ್ನ ಗಮನಕ್ಕೆ ಬರಲಿಲ್ಲ. ಮೂರು ತಿಂಗಳ ಕಾಲ ಆ ವಾಕ್ಯವನ್ನು ಟೀಕಾಕಾರನದೆಂದೇ ನಂಬಿ ಅದರ ಮೇಲೆ ಟಿಪ್ಪಣಿಯನ್ನೂ ಬರೆದೆನು. ಅಚ್ಚಿಗೆ ಕೊಡುವ ಮುಂಚೆ ಓಲೆಯನ್ನು ಇನ್ನೊಮ್ಮೆ ನೋಡುವ ಪ್ರಸಂಗ ಬಂದುದರಿಂದ ಮಾನ ಉಳಿಯಿತು. ಅಲಕ್ಷ್ಯಕ್ಕೆ ಅರ್ಹವೆಂದು ನಾವು ನಿರ್ಧರಿಸಿದ ಭೇದಗಳೇ ಪ್ರಕ್ಷೇಪಕ್ಕೆ ಆಶ್ರಯವೆಂಬ ಪಾಠವನ್ನು ಅಂದು ಕಲಿತೆನು.

ಮೂರನೆಯ ಉಪಾಯವು ಇನ್ನೂ ಸೂಕ್ಷ್ಮವಾದದ್ದು. ಲ್ಯಾಂಡ್‌ಲಾಕ್ ಎಂಬುದು ತಂತ್ರಾಂಶವೊಂದು ತನ್ನ ಎಲ್ಲೆಯನ್ನು ಮೀರದಂತೆ ತಡೆಯುವ ಬೇಲಿ. ಆ ಬೇಲಿಯು ಯಂತ್ರದಲ್ಲಿ ಲಭ್ಯವಿದೆಯೇ ಎಂದು ಪರೀಕ್ಷಿಸುವ ಕೆಲವು ಸಾಲುಗಳು ಸಿಮೇಕ್ ಎಂಬ ಇನ್ನೊಂದು ಕಟ್ಟುವ ಸಾಧನದ ಕಡತದಲ್ಲಿದ್ದವು. ೨೦೨೪ರ ಫೆಬ್ರವರಿ ೨೬ರ ತಿದ್ದುಪಡಿಯಲ್ಲಿ ಆ ಸಾಲುಗಳ ನಡುವೆ ಒಂದು ಚುಕ್ಕೆಯು ಸೇರಿತು, ಒಂದೇ ಒಂದು ಪೂರ್ಣವಿರಾಮ. ಅದರಿಂದ ಆ ಪರೀಕ್ಷೆಯು ಯಾವಾಗಲೂ ವಿಫಲವಾಗುತ್ತಿತ್ತು, ಆ ದಾರಿಯಲ್ಲಿ ಕಟ್ಟಿದ ಲೈಬ್ರರಿಗೆ ಬೇಲಿಯು ಇಲ್ಲವಾಗುತ್ತಿತ್ತು. ಈ ಚುಕ್ಕೆಯು ಗಂಟಿನಲ್ಲಿ ಅಡಗಿರಲಿಲ್ಲ. ಅದು ಮಾತೃಕೆಯಲ್ಲಿಯೇ, ಯಾರು ಬೇಕಾದರೂ ಓದಬಹುದಾದ ಸ್ಥಳದಲ್ಲಿತ್ತು. ಒಂದು ಸೊನ್ನೆಯ ಅಂತರದಿಂದ ವದನವು ವಂದನವಾಗುವ ಭಾಷೆಯಲ್ಲಿ ಕೆಲಸ ಮಾಡುವ ನಮಗೆ ಚುಕ್ಕೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಆ ವರ್ಷದ ಮಾರ್ಚ್ ಕೊನೆಯಲ್ಲಿ ಎಲ್ಲವೂ ಬಯಲಾದ ಮೇಲೆಯೇ ಅದು ಕಣ್ಣಿಗೆ ಬಿದ್ದು ತೆಗೆಯಲ್ಪಟ್ಟಿತು.

೫

ಪ್ರಕ್ಷೇಪವು ಹೇಗೆ ಪತ್ತೆಯಾಯಿತೆಂಬುದೂ ವಿಚಾರಾರ್ಹವಾಗಿದೆ. ಆಂಡ್ರೆಸ್ ಫ್ರಾಯಂಡ್ ಎಂಬವರು ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ವ್ಯವಸ್ಥೆಯ ರಚನಕಾರರಲ್ಲಿ ಒಬ್ಬರು, ಮೈಕ್ರೋಸಾಫ್ಟ್ ಸಂಸ್ಥೆಯ ಉದ್ಯೋಗಿ. ಅವರು ಎಕ್ಸ್‌ಝೆಡ್‌ನ ಪಾಠವನ್ನು ಪರಿಶೋಧಿಸಲು ಕುಳಿತವರಲ್ಲ. ಬೇರೊಂದು ಕೆಲಸಕ್ಕಾಗಿ ಕಾಲಮಾಪನವನ್ನು ಮಾಡುತ್ತಿದ್ದಾಗ, ದೂರಪ್ರವೇಶಕ್ಕೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ಅವರಿಗೆ ಕಂಡಿತು. ಅರ್ಧ ಸೆಕೆಂಡನ್ನು ಅಲಕ್ಷಿಸುವುದು ಸುಲಭ. ಅವರು ಅಲಕ್ಷಿಸಲಿಲ್ಲ. ಕಾರಣವನ್ನು ಬೆನ್ನಟ್ಟಿ ಹೋಗಿ, ಕೊನೆಗೆ ಗಂಟಿನಲ್ಲಿರುವುದು ಮಾತೃಕೆಯಲ್ಲಿಲ್ಲವೆಂಬ ಅಂಶವನ್ನು ಮುಟ್ಟಿದರು. ೨೦೨೪ರ ಮಾರ್ಚ್ ೨೯ರಂದು ಅದನ್ನು ಸಾರ್ವಜನಿಕವಾಗಿ ಪ್ರಕಟಿಸಿದರು.

ಆ ವೇಳೆಗೆ ಕಲುಷಿತ ಪ್ರತಿಗಳು ಡೆಬಿಯನ್‌ನ ಪರೀಕ್ಷಾ ಶಾಖೆಗಳು, ಫೆಡೋರಾದ ಮುಂಬರುವ ಆವೃತ್ತಿ, ಓಪನ್‌ಸೂಸೆ ಟಂಬಲ್‌ವೀಡ್ ಮುಂತಾದ, ಹೊಸತನ್ನು ಮೊದಲು ಸ್ವೀಕರಿಸುವ ಹಂಚಿಕೆಗಳನ್ನು ಸೇರಿದ್ದವು. ಡೆಬಿಯನ್‌ನ ಸ್ಥಿರ ಆವೃತ್ತಿಯನ್ನು ಇನ್ನೂ ಮುಟ್ಟಿರಲಿಲ್ಲ. ಕೆಲವು ತಿಂಗಳುಗಳು ಕಳೆದಿದ್ದರೆ ಸ್ಥಿರ ಆವೃತ್ತಿಗಳಿಗೂ ಇಳಿಯುವ ಸಂಭವವಿತ್ತು. ಕೋಲಿನ್ ಅವರು ಪಾಠವನ್ನು ಮತ್ತೆ ಪರಿಶೀಲಿಸಿ, ಪ್ರಕ್ಷೇಪವನ್ನು ತೆಗೆದು, ಅದೇ ವರ್ಷದ ಮೇ ೨೯ರಂದು ೫.೬.೨ನ್ನು ಬಿಡುಗಡೆ ಮಾಡಿದರು. ಜಿಯಾ ಟಾನ್ ಎಂಬ ಹೆಸರಿನ ಹಿಂದೆ ಇದ್ದವರು ಯಾರೆಂಬುದು ಬಹಿರಂಗವಾಗಿ ಸಿದ್ಧಗೊಂಡಿಲ್ಲ.

೬

ಈ ಘಟನೆಯಿಂದ ಎರಡು ಪರಸ್ಪರ ವಿರುದ್ಧವಾದ ನಿರ್ಣಯಗಳನ್ನು ಎಳೆಯಲಾಗಿದೆ. ಮೂಲವನ್ನು ತೆರೆದಿಟ್ಟುದರಿಂದಲೇ ಅಪರಿಚಿತನೊಬ್ಬನು ಒಳಬಂದನು, ಆದುದರಿಂದ ಮುಕ್ತ ತಂತ್ರಾಂಶವು ನಂಬಲರ್ಹವಲ್ಲ ಎಂಬುದು ಒಂದು. ಮೂಲವು ತೆರೆದಿದ್ದುದರಿಂದಲೇ ಪತ್ತೆಯಾಯಿತು, ಆದುದರಿಂದ ರೇಮಂಡ್ ಅವರ ಸೂತ್ರವು ಗೆದ್ದಿತು ಎಂಬುದು ಇನ್ನೊಂದು. ಈ ಲೇಖಕನ ಅಭಿಪ್ರಾಯದಲ್ಲಿ ಎರಡೂ ಅರ್ಧಸತ್ಯಗಳು.

ಮೊದಲನೆಯದನ್ನು ಒಪ್ಪಲಾಗದು. ಮುಚ್ಚಿಟ್ಟ ಮೂಲದಲ್ಲಿ ಪ್ರಕ್ಷೇಪವಾಗದೆಂಬುದಕ್ಕೆ ಪ್ರಮಾಣವಿಲ್ಲ. ಆದರೆ ತಾಳೆ ನೋಡುವ ಅವಕಾಶ ಮಾತ್ರ ಹೊರಗಿನವರಿಗೆ ಇಲ್ಲವಾಗುತ್ತದೆ. ಫ್ರಾಯಂಡ್ ಅವರಿಗೆ ಕಾರಣವನ್ನು ಬೆನ್ನಟ್ಟಿ ಹೋಗಲು ದಾರಿಯಿದ್ದುದು ಮಾತೃಕೆ ಮತ್ತು ಗಂಟು ಎರಡೂ ಕೈಗೆ ಎಟುಕುವಂತಿದ್ದುದರಿಂದಲೇ. ಭಂಡಾರದ ಬಾಗಿಲನ್ನು ತೆರೆದರೆ ಕಳ್ಳನೂ ಬರಬಹುದೆಂಬುದು ನಿಜ. ಆದರೆ ಮುಚ್ಚಿದ ಭಂಡಾರದಲ್ಲಿ ಓಲೆಯು ಹುಡಿಯಾದುದನ್ನು ನಾವೇ ಕಂಡಿದ್ದೇವೆ.

ಎರಡನೆಯದನ್ನೂ ಒಪ್ಪಲಾಗದು. ಕಣ್ಣುಗಳ ಸಂಖ್ಯೆಯನ್ನು ಹೇಳುವ ಆ ಸೂತ್ರವು, ಕಣ್ಣುಗಳು ಎಲ್ಲಿ ನೋಡುತ್ತಿವೆಯೆಂಬುದನ್ನು ಹೇಳುವುದಿಲ್ಲ. ನೋಡಲು ಅವಕಾಶವಿರುವುದು ಬೇರೆ, ನೋಡಿರುವುದು ಬೇರೆ. ಚುಕ್ಕೆಯು ತೆರೆದ ಮಾತೃಕೆಯಲ್ಲಿಯೇ ಒಂದು ತಿಂಗಳು ಕುಳಿತಿತ್ತು. ಆಜ್ಞೆಯಿದ್ದ ಕಡತವನ್ನು ಮಾತೃಕೆಯಲ್ಲಿ ನೋಡುವ ಅವಕಾಶವೇ ಇರಲಿಲ್ಲ. ಪತ್ತೆಯಾದುದು ಪಾಠವನ್ನು ಓದಿದ್ದರಿಂದಲ್ಲ, ಅರ್ಧ ಸೆಕೆಂಡಿನ ವಿಳಂಬದಿಂದ. ಪ್ರಕ್ಷೇಪಕಾರನು ಇನ್ನಷ್ಟು ಕುಶಲನಾಗಿ ಆ ವಿಳಂಬವನ್ನು ತಪ್ಪಿಸಿದ್ದರೆ, ಕಣ್ಣುಗಳ ಸೂತ್ರವು ಎಷ್ಟು ಕಾಲದ ಮೇಲೆ ಫಲಿಸುತ್ತಿತ್ತೆಂದು ಹೇಳುವುದು ಕಷ್ಟ.

ಇಲ್ಲಿ ಮುದ್ರೆಯ ವಿಷಯವನ್ನೂ ವಿಚಾರಿಸಬೇಕು. ಆ ಗಂಟುಗಳ ಮೇಲೆ ಗಣಕಮುದ್ರೆಯಿತ್ತು, ಮುದ್ರೆಯು ಸಾಚಾ ಆಗಿತ್ತು. ಏಕೆಂದರೆ ಮುದ್ರೆಯೊತ್ತುವ ಅಧಿಕಾರವನ್ನು ಪಡೆದವನೇ ಅದನ್ನು ಒತ್ತಿದ್ದನು. ಮುದ್ರೆಯು ಇಂಥವರು ಕಟ್ಟಿದರೆಂಬುದನ್ನು ಸಾಧಿಸುತ್ತದೆಯೇ ಹೊರತು ಮಾತೃಕೆಯಲ್ಲಿದ್ದುದನ್ನೇ ಕಟ್ಟಿದರೆಂಬುದನ್ನು ಸಾಧಿಸುವುದಿಲ್ಲ. ಲಿಪಿಕಾರನ ಹೆಸರು, ಸಂವತ್ಸರ, ತಿಥಿಗಳೆಲ್ಲ ಸರಿಯಾಗಿರುವ ಪ್ರತಿಯಲ್ಲಿಯೂ ಪಾಠವು ಕೆಟ್ಟಿರಬಹುದೆಂಬುದು ನಮಗೆ ಹೊಸ ಮಾತಲ್ಲ.

ಆದುದರಿಂದ ದೋಷವಿರುವುದು ತೆರೆದಿಟ್ಟ ಕ್ರಮದಲ್ಲಲ್ಲ. ತಿದ್ದುಪಡಿಯನ್ನು ಒಪ್ಪುವುದು ಮತ್ತು ಬಿಡುಗಡೆಯನ್ನು ಮಾಡುವುದು ಇವೆರಡನ್ನೂ ಒಂದೇ ಕೈಗೆ ಒಪ್ಪಿಸಿ, ಪ್ರತಿಯನ್ನು ಮಾತೃಕೆಯೊಡನೆ ತಾಳೆ ನೋಡುವುದನ್ನು ಯಾರ ಕರ್ತವ್ಯವೆಂದೂ ಗೊತ್ತುಮಾಡದೆ ಬಿಟ್ಟುದರಲ್ಲಿದೆ. ಎಲ್ಲರೂ ಮಾಡಬಹುದಾದ ಕೆಲಸವು ಯಾರೂ ಮಾಡದ ಕೆಲಸವಾಯಿತು.

ಪಾಠವನ್ನು ಕಾಯುವ ಇನ್ನೊಂದು ವಿಧಾನವೂ ಈ ಕ್ಷೇತ್ರದಲ್ಲಿಯೇ ಇದೆಯೆಂಬುದನ್ನು ಹೇಳದಿದ್ದರೆ ವಿಮರ್ಶೆಯು ಏಕಪಕ್ಷೀಯವಾದೀತು. ಡೊನಾಲ್ಡ್ ಕ್ನೂತ್ ಅವರು ೧೯೭೮ರಿಂದ ಬಳಕೆಗೆ ತಂದ ಟೆಕ್ ಎಂಬ ಅಚ್ಚುಜೋಡಣೆಯ ತಂತ್ರಾಂಶದ ಮೂಲವೂ ಎಲ್ಲರಿಗೂ ತೆರೆದಿದೆ. ಆದರೆ ಅವರು ಅದಕ್ಕೆ ಹೊಸ ಗುಣಗಳನ್ನು ಸೇರಿಸುವುದನ್ನು ನಿಲ್ಲಿಸಿ ದೋಷಗಳನ್ನು ಮಾತ್ರ ತಿದ್ದುತ್ತ ಬಂದಿದ್ದಾರೆ. ಬಿಡುಗಡೆಯ ಸಂಖ್ಯೆಯು ೩.೧೪, ೩.೧೪೧ ಎಂದು ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತದ ಕಡೆಗೆ ಸಾಗುತ್ತ, ೨೦೨೧ರಲ್ಲಿ ೩.೧೪೧೫೯೨೬೫೩ನ್ನು ಮುಟ್ಟಿದೆ. ದೋಷವನ್ನು ತೋರಿಸಿದವರಿಗೆ ಬಹುಮಾನವನ್ನು ಕೊಡುವ ಪದ್ಧತಿಯನ್ನೂ ಅವರು ನಡೆಸಿದರು. ಯಾರಾದರೂ ಅದನ್ನು ಬದಲಿಸಿದರೆ ಟೆಕ್ ಎಂಬ ಹೆಸರಿನಿಂದ ಹಂಚಕೂಡದೆಂಬುದು ಅವರ ನಿಯಮ. ಪಾಠವನ್ನು ಬದಲಿಸು, ಆದರೆ ಕವಿಯ ಹೆಸರಿನಲ್ಲಿ ಬೇಡ ಎಂಬ ಈ ನಿಯಮವು ಸಂಪಾದಕರಿಗೆ ಮೆಚ್ಚುಗೆಯಾಗತಕ್ಕದ್ದೇ. ಆದರೆ ಎಲ್ಲ ಲೈಬ್ರರಿಗಳೂ ಹೀಗೆ ನಿಲ್ಲಲಾರವು. ಯಂತ್ರಗಳು ಬದಲಾದಂತೆ ಅವೂ ಬದಲಾಗಬೇಕು. ಬದಲಾಗುವ ಪಾಠಕ್ಕೆ ಕಾವಲು ಹೆಚ್ಚು ಬೇಕೇ ಹೊರತು ಕಡಿಮೆ ಸಾಲದು.

೭

ಇನ್ನು ಪಾಲಕರ ವಿಷಯ. ಕೋಲಿನ್ ಅವರು ಅಪರಿಚಿತನನ್ನು ನಂಬಬಾರದಾಗಿತ್ತೆಂದು ಹೇಳುವವರಿದ್ದಾರೆ. ಈ ಟೀಕೆಯು ಅನ್ಯಾಯವಾದುದು. ಎರಡು ವರ್ಷಗಳಿಗೂ ಮೀರಿ ಸರಿಯಾದ ತಿದ್ದುಪಡಿಗಳನ್ನು ಕೊಟ್ಟವನನ್ನು ನಂಬದಿದ್ದರೆ ಯಾವ ಕೃತಿಗೆ ತಾನೆ ಎರಡನೆಯ ಕೈ ದೊರೆತೀತು? ಕೇಳಬೇಕಾದ ಪ್ರಶ್ನೆ ಬೇರೆ. ಆ ಲೈಬ್ರರಿಯನ್ನು ತಮ್ಮ ವ್ಯವಹಾರದ ಅಡಿಗಲ್ಲಾಗಿ ಮಾಡಿಕೊಂಡಿದ್ದ ಇಷ್ಟೊಂದು ಜನರಲ್ಲಿ, ೨೦೨೨ರಲ್ಲಿ ಆ ಒಂಟಿ ಪಾಲಕರು ತಮ್ಮ ಭಾರವನ್ನು ಹೇಳಿಕೊಂಡಾಗ, ಹೆಗಲು ಕೊಡಲು ಬಂದವರು ಯಾರು? ಬಂದುದು ಒಂದು ಹೆಸರು, ಅದೂ ವಂಚಕನದು. ಪ್ರಕ್ಷೇಪಕಾರನು ಮೊದಲು ಕಂಡುಕೊಂಡುದು ಲೈಬ್ರರಿಯ ಬಿರುಕನ್ನಲ್ಲ, ಪಾಲಕರ ಏಕಾಂಗಿತನವನ್ನು. ಒತ್ತಡ ಹಾಕಿದ ಪತ್ರಗಳು ಆ ಬಿರುಕನ್ನು ಅಗಲಗೊಳಿಸಿದವು.

ಇದನ್ನು ಹೇಳುವಾಗ ನಮ್ಮ ಪರಂಪರೆಯ ಒಂದು ಸಂಗತಿಯು ನೆನಪಾಗುತ್ತದೆ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ದಾನಮಾಡಿದಳೆಂಬುದನ್ನು ನಾವೆಲ್ಲರೂ ಗೌರವದಿಂದ ಸ್ಮರಿಸುತ್ತೇವೆ. ಆ ಸಾವಿರ ಪ್ರತಿಗಳನ್ನು ಮಾತೃಕೆಯೊಡನೆ ತಾಳೆ ನೋಡಿದವರ ಹೆಸರು ಮಾತ್ರ ನಮ್ಮವರೆಗೆ ಬಂದಿಲ್ಲ. ಬರೆದವನಿಗೆ ಪ್ರಶಸ್ತಿಯಿದೆ, ಬರೆಸಿದವರಿಗೆ ಪ್ರಶಸ್ತಿಯಿದೆ, ತಾಳೆ ನೋಡಿದವನಿಗೆ ಇಲ್ಲ. ಹೊಸ ಪಾಠವನ್ನು ಸೇರಿಸಿದವರ ಹೆಸರನ್ನು ಪಟ್ಟಿಮಾಡುವ ಇಂದಿನ ಲೈಬ್ರರಿಗಳೂ ಬಹುಮಟ್ಟಿಗೆ ಇದೇ ಮಾರ್ಗದಲ್ಲಿವೆ.

೮

ಪರಿಹಾರವು ಇಲ್ಲದಿಲ್ಲ. ಒಂದೇ ಮೂಲದಿಂದ ಯಾರು ಕಟ್ಟಿದರೂ ಅಕ್ಷರಶಃ ಒಂದೇ ಫಲ ಬರ​ಬೇಕೆಂಬ ಗುರಿಯಿಂದ ಡೆಬಿಯನ್ ಬಳಗದವರು ೨೦೧೩ರಿಂದ ಶ್ರಮಿಸುತ್ತಿದ್ದಾರೆ. ಅದು ಸಿದ್ಧಿಸಿದಷ್ಟು ಮಟ್ಟಿಗೆ ಇಬ್ಬರು ಬೇರೆ ಬೇರೆ ಸ್ಥಳಗಳಲ್ಲಿ ಕಟ್ಟಿ ತಾಳೆ ನೋಡಬಹುದು. ಆದರೆ ಆ ಇಬ್ಬರೂ ಒಂದೇ ಕಲುಷಿತ ಗಂಟಿನಿಂದ ಕಟ್ಟಿದರೆ ಇಬ್ಬರಿಗೂ ಒಂದೇ ಕಲುಷಿತ ಫಲವು ಬರುತ್ತದೆ. ಆದುದರಿಂದ ತಾಳೆಯು ಮಾತೃಕೆಯಿಂದಲೇ ಆರಂಭವಾಗಬೇಕು. ಗಂಟಿನಲ್ಲಿ ಮಾತೃಕೆಗಿಂತ ಹೆಚ್ಚಾಗಿ ಏನಿದೆಯೆಂಬುದನ್ನು ಪ್ರತಿ ಬಿಡುಗಡೆಯಲ್ಲಿಯೂ ಪಟ್ಟಿಮಾಡಿ ತೋರಿಸಬೇಕು. ಸಾಧ್ಯವಾದಲ್ಲೆಲ್ಲ ಆ ಹೆಚ್ಚಳವನ್ನೇ ಇಲ್ಲವಾಗಿಸಬೇಕು. ತಿದ್ದುಪಡಿಯನ್ನು ಒಪ್ಪಿದವನೂ ಗಂಟನ್ನು ಕಟ್ಟಿದವನೂ ಅಲ್ಲದ ಮೂರನೆಯವನೊಬ್ಬನು ತಾಳೆ ನೋಡಿ ತನ್ನ ಹೆಸರನ್ನು ಬರೆಯಬೇಕು. ಪ್ರಶಸ್ತಿಯಲ್ಲಿ ಅವನಿಗೂ ಒಂದು ಸಾಲು ಸಲ್ಲಬೇಕು.

ನಮ್ಮ ಸಂಸ್ಥೆಗಳಿಗೂ ಇದರಿಂದ ಒಂದು ಕರ್ತವ್ಯವು ಒದಗುತ್ತದೆ. ಹಸ್ತಪ್ರತಿಗಳ ಕೆಲಸದಲ್ಲಿ ನಾವು ಹಣ ಕೊಡದೆ ಬಳಸುತ್ತಿರುವ ಲೈಬ್ರರಿಗಳ ಪಾಲಕರು ಯಾರೆಂದು ಒಮ್ಮೆ ವಿಚಾರಿಸೋಣ. ಕನ್ನಡ ಲಿಪಿಯ ಸ್ವರೂಪದಲ್ಲಿ ದೋಷ ಕಂಡಾಗ ಗೊಣಗಿ ಸುಮ್ಮನಾಗದೆ, ಅದನ್ನು ನಿದರ್ಶನಸಹಿತವಾಗಿ ಅವರಿಗೆ ಬರೆದು ತಿಳಿಸೋಣ. ಓಲೆಯ ಅಕ್ಷರವನ್ನು ಬಲ್ಲವರ ಒಂದು ಟಿಪ್ಪಣಿಯು ಅಲ್ಲಿಯ ಎಷ್ಟೋ ದಿನಗಳ ಶ್ರಮವನ್ನು ಉಳಿಸಬಹುದು. ವಿಳಂಬವಾದರೆ ತಾಳ್ಮೆಯಿಂದಿರೋಣ. ಎದುರಿಗಿರುವುದು ಕಾರ್ಯಾಲಯವಲ್ಲ, ರಾತ್ರಿಯ ವಿರಾಮದಲ್ಲಿ ದೀಪ ಹಚ್ಚಿಕೊಂಡು ಕುಳಿತ ಒಬ್ಬ ಮನುಷ್ಯನಿರಬಹುದು. ನಾವೇ ಸಿದ್ಧಪಡಿಸಿದ ಸೂಚಿಯನ್ನಾಗಲಿ ಪಾಠವನ್ನಾಗಲಿ ತಂತ್ರಾಂಶವನ್ನಾಗಲಿ ಹೊರಗೆ ಬಿಡುವಾಗ, ಬಿಟ್ಟುದನ್ನು ಇನ್ನೊಬ್ಬರಿಂದ ಮೂಲದೊಡನೆ ತಾಳೆ ನೋಡಿಸದೆ ಬಿಡದಿರೋಣ.

ತಾಳೆಗರಿಯ ಕಾಲವು ಮುಗಿದಿದೆ. ತಾಳೆ ನೋಡುವ ಕಾಲವು ಮುಗಿದಿಲ್ಲ. ಈ ಲೇಖನದಲ್ಲಿ ತಾಂತ್ರಿಕ ವಿಷಯಗಳನ್ನು ನಮ್ಮ ಪರಿಭಾಷೆಗೆ ಅಳವಡಿಸುವಾಗ ಸ್ಖಾಲಿತ್ಯಗಳು ಉಳಿದಿದ್ದರೆ, ಬಲ್ಲವರು ತಿದ್ದಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.